ಗುಲಾಬಿಯ ಜಗುಲಿಯಲ್ಲಿ ತಿಂದ ಬೆಲ್ಲ

ಮೊನ್ನೆ ನೆರೆಮನೆಯ ಹುಡುಗಿ ನನ್ನ ಎದುರು ಕೂತು ಅತ್ತಳು. ಕಾಲೇಜಿಗೆ ಹೋಗುವವಳು, ಥ್ರೋಬಾಲ್ ತಂಡದಲ್ಲಿ ಇರುವವಳು. ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಒಂದು ವಾರವೂ ಆಗಿಲ್ಲ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಂತೆ. "ಇನ್ನು ನನ್ನ ಆಟ ಎಲ್ಲ ಮುಗೀತಲ್ಲ ಟೀಚರ್" ಅಂದಳು. ನಾನು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ತೋರಿಸಿದೆ. ನನಗೂ ನಿನ್ನದೇ ವಯಸ್ಸಿನಲ್ಲಿ ಇದೇ ಕಾಯಿಲೆ ಬಂದದ್ದು ಮಾರಾಯ್ತಿ, ಈ ಕಾಲು ಇವತ್ತು ಬೆಳಿಗ್ಗೆಯೂ ಕಡಲ ದಂಡೆಯ ತನಕ ಹೋಗಿ ಬಂದಿದೆ, ಎಂದೆ. ಅವಳು ನಂಬಲಿಲ್ಲ. ವಯಸ್ಸಾದವರು ಸಮಾಧಾನಕ್ಕೆ ಏನಾದರೊಂದು ಹೇಳುತ್ತಾರೆ ಅನ್ನುವ ಹಾಗೆ ನೋಡಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತನೇ ಇಸವಿಯ ಆಚೀಚೆಯ ಮಾತು. ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ನಮ್ಮ ಮನೆ. ನಮ್ಮಲ್ಲಿ ಮನೆ ಅಂದರೆ ತಾಯಿಯ ಮನೆ, ಯಜಮಾನ ಅಂದರೆ ತಾಯಿಯ ಅಣ್ಣ. ಹಾಗಾಗಿ ಮನೆಯಲ್ಲಿ ಮಾವನ ಮಾತೇ ಮಾತು. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿ ಇದ್ದರು, ಮಳೆಗಾಲಕ್ಕೊಮ್ಮೆ ಬಂದು ಹೋಗುವವರು. ನನ್ನ ಅಬ್ಬಿ, ಅಂದರೆ ನನ್ನ ತಾಯಿ, ಓದು ಬರಹ ಗೊತ್ತಿಲ್ಲದಿದ್ದರೂ ಹಟ ಹಿಡಿದು ನನ್ನನ್ನು ಓದಿಸಿದವಳು. ಟೀಚರ್ ಟ್ರೈನಿಂಗ್ ಮುಗಿಸಿದ ನನಗೆ ಹೊಳೆಯಾಚೆಯ ಊರಿನ ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ನಡೆದೇ ಹೋಗುವುದು, ನಡೆದೇ ಬರುವುದು.

ಆ ದಾರಿ ಈಗಲೂ ನನ್ನ ಕಾಲಿಗೆ ನೆನಪಿದೆ. ಗದ್ದೆಯ ಅಂಚಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಆಮೇಲೆ ಹೊಳೆಗೆ ಹಾಕಿದ ಸಂಕ. ತೆಂಗಿನ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಕಾಲುಸೇತುವೆ ಅದು, ಹಿಡಿದುಕೊಳ್ಳಲು ಒಂದು ಬಿದಿರು. ಸಂಕ ದಾಟಿದರೆ ಹೊಯಿಗೆಯ, ಅಂದರೆ ಮರಳಿನ, ದಾರಿ, ಗಾಳಿಮರದ ತೋಪು, ಕೊನೆಗೆ ಹಂಚಿನ ಮಾಡಿನ ಶಾಲೆ. ಮಳೆಗಾಲದಲ್ಲಿ ಒದ್ದೆಯಾಗಿಯೇ ಪಾಠ ಶುರು ಮಾಡುತ್ತಿದ್ದೆ. ಸಂಜೆ ಬರುವಾಗ ಗದ್ದೆಯಲ್ಲಿ ನಟ್ಟಿ ಮಾಡುವ ಹೆಂಗಸರು ತಲೆ ಎತ್ತಿ "ಹ್ವಾಯ್ ಟೀಚ್ರೇ, ಇವತ್ತೆಂತ ಪಾಠ ಮಾಡ್ರಿ?" ಎಂದು ತಮಾಷೆ ಮಾಡುತ್ತಿದ್ದರು. ಇಪ್ಪತ್ತು ದಾಟಿದ ಹುಡುಗಿಗೆ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಆಗ ಎಲ್ಲಿತ್ತು!

ಸಂಕದ ಈಚೆ ಬದಿಗೇ ಗುಲಾಬಿಯ ಮನೆ. ಸೋಗೆಯ ಮಾಡು, ಸೆಗಣಿ ಸಾರಿಸಿದ ಜಗುಲಿ. ಗುಲಾಬಿಗೆ ನನಗಿಂತ ಹತ್ತು ಹದಿನೈದು ವರ್ಷ ಹೆಚ್ಚಿರಬಹುದು, ಜಗುಲಿಯಲ್ಲಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದಳು. ನಮ್ಮ ಕಡೆ ಜಗುಲಿ ಹತ್ತಿದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಮಾತು ಆಮೇಲೆ. ಸಂಜೆ ಸಂಕ ದಾಟಿದ ನನ್ನನ್ನು ಕಂಡ ಕೂಡಲೇ ಗುಲಾಬಿ ಹಗ್ಗ ಬಿಟ್ಟು ಏಳುತ್ತಿದ್ದಳು. "ಆಸ್ರಿ ಕುಡ್ದೇ ಹೋಯ್ಕ್" ಎನ್ನುತ್ತಿದ್ದಳು. ಬೆಲ್ಲ ಕಚ್ಚಿ ತಣ್ಣಗಿನ ಬಾವಿನೀರು ಗಟಗಟ ಕುಡಿಯುವ ಆ ಸುಖ ಇದೆಯಲ್ಲ, ಅದರ ಮುಂದೆ ಯಾವ ಶರಬತ್ತೂ ಇಲ್ಲ.

ಮೊದಮೊದಲು ಒಂದು ಚೊಂಬು ಸಾಕಾಗುತ್ತಿತ್ತು. ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಎರಡು, ಮೂರು ಚೊಂಬು ಕುಡಿದರೂ ಗಂಟಲು ಒಣಗಿಯೇ ಇರುತ್ತಿತ್ತು. ಪಾಠದ ನಡುವೆ ಎದ್ದೆದ್ದು ಹೊರಗೆ ಹೋಗಬೇಕಾಗುತ್ತಿತ್ತು. ರವಿಕೆ ಸಡಿಲವಾಯಿತು, ಬಳೆ ಕೈಯಿಂದ ತಾನಾಗಿ ಜಾರತೊಡಗಿತು. ಅಬ್ಬಿ ಮೊದಲು ದೃಷ್ಟಿ ತೆಗೆದಳು, ಆಮೇಲೆ ಕಷಾಯ ಕೊಟ್ಟಳು. ಒಂದು ದಿನ ಬಚ್ಚಲಿನ ಬದಿಯಲ್ಲಿ, ನಾನು ಮೂತ್ರಕ್ಕೆ ಕೂತ ಜಾಗದಲ್ಲೇ, ಇರುವೆಗಳ ಸಾಲು ಕಂಡು ಅಲ್ಲೇ ನಿಂತುಬಿಟ್ಟಳು. ನನ್ನ ಕಡೆ ತಿರುಗಿದ ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಕುಂದಾಪ್ರಕ್ಕೆ ಹೋಪ ಹೆಣೆ" ಎಂದಳು, ಅಷ್ಟೇ.

ಕುಂದಾಪುರಕ್ಕೆ ಹೋಗುವುದೆಂದರೆ ಆಗ ಒಂದು ಯಾತ್ರೆ. ಬಸ್ಸು, ಹೊಳೆ ದಾಟಲು ದೋಣಿ, ಮತ್ತೆ ಬಸ್ಸು. ಡಾಕ್ಟರ ಶಾಪಿನ ಬೆಂಚಿನಲ್ಲಿ ಕಾದದ್ದು ದಾರಿಗಿಂತ ಉದ್ದ. ಮದ್ದಿನ ವಾಸನೆ, ಕೆಮ್ಮು, ಒಳಗಿನಿಂದ ಕಂಪೌಂಡರ್ ಬಾಟಲಿ ಕುಲುಕುವ ಸದ್ದು. ಪಕ್ಕದಲ್ಲಿ ಕೂತಿದ್ದ ಕೋಟೇಶ್ವರದ ಹೆಂಗಸೊಬ್ಬರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಅಬ್ಬಿಯಿಂದ ಇರುವೆಯ ವಿಷಯ ತೆಗೆಸಿದರು. "ನಮ್ಮ್ ಭಾವಂಗೂ ಇದೇ ಸೀಕ್. ಭಾರೀ ಒಳ್ಳೆ ಜನ ಆಯಿದ್ರ್, ಪಾಪ" ಎಂದು ನಿಟ್ಟುಸಿರು ಬಿಟ್ಟರು. ಅಬ್ಬಿ ನನ್ನ ಕೈ ಹಿಡಿದವಳು ಒಳಗೆ ಕರೆಯುವ ತನಕ ಬಿಡಲಿಲ್ಲ.

ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ಮದ್ದಿಗೆ ಮೂತ್ರದ ಹನಿ ಬಿಟ್ಟು ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಅರಸಿನವಾಯಿತು, ನೋಡುತ್ತಿದ್ದ ಹಾಗೆ ಹಂಚಿನ ಬಣ್ಣಕ್ಕೆ ತಿರುಗಿತು. ಡಾಕ್ಟರು ನಮ್ಮೂರ ಕಡೆಯವರೇ, ಮಾತು ಸುತ್ತಿ ಬಳಸಿ ಆಡುವವರಲ್ಲ.

"ಇದ್ ಹೋಪು ಸೀಕಲ್ಲ. ಇದ್ರೊಟ್ಟಿಗೆ ಇಪ್ಪುಕೆ ಕಲೀಕ್. ದಿನಾ ಬೆಳಿಗ್ಗೆ ಒಂದ್ ಇಂಜೆಕ್ಷನ್. ಸಿಹಿ ಮುಟ್ಟುಕಾಗ."

ಅಬ್ಬಿ ಕೇಳಿದಳು, "ಹಂಗಾರೆ ಇನ್ ಇವ್ಳನ್ನ ಮನಿಯಗೇ ಕೂರ್ಸುದಲ್ದಾ?"

"ಕೂರ್ಸಿರೆ ಕೆಟ್ಟಿತ್. ಶಾಲಿಗೆ ನಡ್ದೇ ಹೋಯ್ಲಿ. ನಡೂದೂ ಒಂದ್ ಮದ್ದೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಕಾಣ್, ಇಂಜೆಕ್ಷನ್ನೂ ಸಕ್ರಿ ಇಳಿಸ್ತ್, ನಡ್ದ್ರೂ ಇಳೀತ್. ಕೈ ನಡ್ಗಿ, ಬೆವ್ರ್ ಬಂದ್, ಕಣ್ ಮಂಜಾತಂದ್ರೆ ಕೂಡ್ಲೇ ಒಂದ್ ತುಂಡ್ ಬೆಲ್ಲ ಬಾಯಿಗೆ ಹಾಕ್ಕಂಬುದ್. ಚೀಲ್ದಗೆ ಯಾವಾಗ್ಳೂ ಬೆಲ್ಲ ಇರ್ಕ್."

ದೋಣಿ ಹತ್ತಿದ ಮೇಲೆ ಅಬ್ಬಿಯ ತಕರಾರು ಶುರುವಾಯಿತು. "ಸಿಹಿ ಮುಟ್ಟುಕಾಗ ಅಂಬುದೂ ಅವ್ರೇ, ಬೆಲ್ಲ ಇಟ್ಕಣ್ ಅಂಬುದೂ ಅವ್ರೇ. ಹಾವ್ ಕಚ್ಚಿದವ್ಳ ಚೀಲ್ದಗೆ ಯಾರಾರೂ ಹಾವ್ ಕಟ್ಟಿ ಕಳಿಸ್ತ್ರಾ?" ದೋಣಿಯವನೂ ಹೌದೆನ್ನುವ ಹಾಗೆ ತಲೆ ಆಡಿಸಿದ.

ಮನೆಯಲ್ಲಿ ಮಾವ ಎಲ್ಲ ಕೇಳಿ ಎರಡು ಮಾತು ಹೇಳಿದರು. ಬ್ರಹ್ಮಾವರದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು, ಮಾತು ಅರ್ಧಕ್ಕೆ ನಿಂತಿತ್ತು. ಹಾಗಾಗಿ ಕಾಯಿಲೆಯ ವಿಷಯ ಮನೆಯ ಹೊಸ್ತಿಲು ದಾಟಬಾರದು, ಅದು ಒಂದು. ಇನ್ನೊಂದು, "ದಾರ್‍ಯಗೆ ಒಂದ್ ಸಲ ಬಿದ್ಲಂದ್ರೆ ಶಾಲಿ ಅಲ್ಲಿಗೇ ಮುಗೀತ್." ನನಗೆ ಮೊದಲನೆಯದಕ್ಕಿಂತ ಎರಡನೆಯದೇ ಭಯ. ಮದುವೆ ಹೋದರೆ ಹೋಗಲಿ, ಆ ದಾರಿ ನನ್ನಿಂದ ಹೋಗಬಾರದಿತ್ತು.

ಕಾಯಿಲೆಯೊಟ್ಟಿಗೆ ನಮ್ಮ ಹೊಸ ಸಂಸಾರ ಶುರುವಾಯಿತು. ಫ್ರಿಜ್ಜು ಎಂಬ ಹೆಸರನ್ನೂ ಕೇಳದ ಮನೆ. ಮಡಕೆಯಲ್ಲಿ ಒದ್ದೆ ಹೊಯಿಗೆ ತುಂಬಿಸಿ ಅದರ ನಡುವೆ ಇನ್ಸುಲಿನ್ ಬಾಟಲಿ ಇಟ್ಟು ಬಾವಿಕಟ್ಟೆಯ ನೆರಳಲ್ಲಿ ಇಡುತ್ತಿದ್ದೆವು. ಗಾಜಿನ ಸಿರಿಂಜನ್ನು ಅಬ್ಬಿ ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ತಿಕ್ಕುವುದು. ಆ ಸೂಜಿಯ ಉರಿ ಈಗಿನ ಮಕ್ಕಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಡಾಕ್ಟರು ಕೊಟ್ಟ ನೀಲಿ ಮದ್ದನ್ನು ಬೆಳಿಗ್ಗೆ ದೀಪಕ್ಕೆ ಹಿಡಿಯುವ ಕೆಲಸ ಅಬ್ಬಿಯದೇ. ಸಾಂಬಾರು ಕುದಿಯಿತೇ ಎಂದು ನೋಡುವಷ್ಟು ಶ್ರದ್ಧೆಯಿಂದ ನೋಡಿ, "ಇವತ್ತ್ ಬಸಳೆ ಬಣ್ಣ, ಅಡ್ಡಿಲ್ಲೆ" ಎನ್ನುತ್ತಿದ್ದಳು. ಹಂಚಿನ ಬಣ್ಣ ಬಂದ ದಿನ ನಳಿಗೆಯನ್ನು ಮತ್ತೊಮ್ಮೆ ದೀಪಕ್ಕೆ ಹಿಡಿಯುತ್ತಿದ್ದಳು. ಕುಚ್ಚಲಕ್ಕಿ ಗಂಜಿಗೆ ಅಳತೆ ಬಂತು, ಗೋಧಿ ಬಂತು. ಹಾಗಲಕಾಯಿಯಂತೂ ಪಲ್ಯ, ಗೊಜ್ಜು, ರಸ ಎಂದು ದಿನಕ್ಕೊಂದು ವೇಷ ಹಾಕಿ ಬರುತ್ತಿತ್ತು. ಹಬ್ಬದ ದಿನ ಪಾಯಸ ಬಡಿಸುವಾಗ ಅಬ್ಬಿ ನನ್ನ ಎಲೆ ದಾಟಿ ಹೋಗುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ತಾನು ಕೊನೆಗೆ ಉಣ್ಣುವವಳು, ಏನು ಉಂಡಳು ಎಂದು ನೋಡುವವರು ಯಾರು?

ಎಲ್ಲಕ್ಕಿಂತ ಕಷ್ಟವಾದದ್ದು ಗುಲಾಬಿಯ ಜಗುಲಿ. ಮೊದಲ ದಿನ "ಇವತ್ತು ಬೇಡ ಗುಲಾಬಿ, ಹೊಟ್ಟೆ ಸರಿಯಿಲ್ಲ" ಎಂದೆ. ಎರಡನೆಯ ದಿನ ಹೊತ್ತಾಯಿತು ಎಂದೆ. ಮೂರನೆಯ ದಿನಕ್ಕೆ ಸುಳ್ಳು ಸಿಗಲಿಲ್ಲ. "ಬರೀ ನೀರಾದ್ರೂ ಕುಡೀನಿ" ಎಂದಳು ಗುಲಾಬಿ. ಬೆಲ್ಲ ಬಿಟ್ಟು ನೀರು ಮಾತ್ರ ಯಾಕೆ ಎಂದು ಕೇಳಿಯಾಳು ಎಂಬ ಹೆದರಿಕೆಗೆ ಅದನ್ನೂ ಬೇಡವೆಂದೆ. ಆಮೇಲೆ ನಾನು ಸಂಕ ದಾಟುವಾಗ ಗುಲಾಬಿ ತಲೆ ತಗ್ಗಿಸಿ ಹಗ್ಗ ಹೊಸೆಯುತ್ತಿದ್ದಳು. ಇನ್ನೂ ಕೆಲವು ದಿನ ಕಳೆದು, ನನ್ನನ್ನು ದೂರದಿಂದ ಕಂಡರೇ ಒಳಗೆ ಹೋಗತೊಡಗಿದಳು. ಗದ್ದೆಯ ಹೆಂಗಸೊಬ್ಬಳು ನನಗೆ ಕೇಳುವ ಹಾಗೆಯೇ ಹೇಳಿದಳು, "ಸಂಬ್ಳ ಬಪ್ಪುಕೆ ಸುರುವಾದ್ಮೇಲೆ ದೊಡ್ಡೋರ್ ಮನಿ ಹೆಣ್ಣಿಗೆ ನಮ್ಮನಿ ನೀರ್ ಗಂಟ್ಲಗೆ ಇಳೂದಿಲ್ಲೆ."

ಗುಲಾಬಿಯದ್ದೂ ತಪ್ಪಲ್ಲ, ಅವಳದ್ದೂ ತಪ್ಪಲ್ಲ. ಜಾತಿ ನೋಡಿ ನೀರು ಕುಡಿಯುವ ಕಾಲ ಅದು. ನಿನ್ನೆಯವರೆಗೆ ಕುಡಿದವಳು ಇವತ್ತು ಬೇಡ ಅಂದರೆ ಯಾರಾದರೂ ಬೇರೆ ಏನು ತಿಳಿದಾರು? ಅಂದು ಗದ್ದೆಯ ಅಂಚಿನಲ್ಲೇ ಅತ್ತೆ. ಕಾಯಿಲೆ ಬಂದದ್ದಕ್ಕೆ ಅಷ್ಟು ಅತ್ತಿರಲಿಲ್ಲ.

ಮಳೆ ಹಿಂದಾಗಿ ಗದ್ದೆ ತೆನೆ ಕಟ್ಟುವ ಕಾಲ. ಆ ದಿನ ಶಾಲೆಗೆ ಇನ್‌ಸ್ಪೆಕ್ಟರರು ಬಂದರು. ಅವರು ಇರುವಾಗ ಬುತ್ತಿ ಬಿಚ್ಚುವುದು ಹೇಗೆ? ಅವರಿಗೆ ಎಳನೀರು ಕೊಡಿಸಿ, ಮಕ್ಕಳಿಂದ ಮಗ್ಗಿ ಹೇಳಿಸಿ, ಅವರನ್ನು ಕಳಿಸುವಾಗ ಹೊತ್ತು ಮೀರಿತ್ತು. ಎರಡು ತುತ್ತು ತಿಂದು ಹೊರಟೆ. ಗಾಳಿಮರದ ತೋಪಿನಲ್ಲೇ ಮೈ ಬೆವರಿತು. ಬಿಸಿಲು ಎಂದುಕೊಂಡೆ. ಸಂಕದ ನಡುವೆ ಬಂದಾಗ ಬಿದಿರು ಹಿಡಿದ ಕೈ ನಡುಗುತ್ತಿತ್ತು, ಕೆಳಗಿನ ನೀರು ಒಮ್ಮೆ ಹತ್ತಿರ, ಒಮ್ಮೆ ದೂರ. ಹೇಗೆ ದಾಟಿದೆನೋ ದೇವರಿಗೇ ಗೊತ್ತು. ಈಚೆ ದಡದಲ್ಲಿ ಕುಸಿದು ಕೂತು ಚೀಲಕ್ಕೆ ಕೈ ಹಾಕಿದೆ. ನಾನೇ ಕಟ್ಟಿಟ್ಟ ಬೆಲ್ಲದ ಬಟ್ಟೆಗಂಟು ಕೈಗೆ ಸಿಕ್ಕಿತು. ಬೆರಳಿಗೆ ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಬಿಚ್ಚಿದೆ. ಒಳಗೆ ಬೆಲ್ಲ ಇರಲಿಲ್ಲ. ಬಿಸಿಲಲ್ಲಿ ಒಣಗಿಸಿದ ಹಾಗಲಕಾಯಿಯ ಬಿಲ್ಲೆಗಳು ಇದ್ದವು.

ಅಬ್ಬೀ, ಎಂದು ಕೂಗಿದೆನೋ, ಬರೀ ಅಂದುಕೊಂಡೆನೋ.

ಎದುರಿಗೆ ಇದ್ದದ್ದು ಒಂದೇ ಜಗುಲಿ. ಕಾಲೆಳೆದುಕೊಂಡು ಹೋಗಿ ಅದರ ಕಂಬಕ್ಕೆ ಒರಗಿದೆ. ನಾಲಿಗೆ ದಪ್ಪವಾಗಿತ್ತು, ಮಾತು ಹೊರಡಲಿಲ್ಲ. ಒಳಗೆ ಹೋಗಿದ್ದ ಗುಲಾಬಿ ಬಾಗಿಲಲ್ಲಿ ಕಾಣಿಸಿಕೊಂಡಳು. "ಎಂತ ಆಯ್ತ್?" ಎಂದಳು. ನಾನು ಸುಮ್ಮನೆ ಅವಳನ್ನೇ ನೋಡಿದೆ. ಅವಳು ಕ್ಷಣ ಹೊತ್ತು ಅಲ್ಲೇ ನಿಂತಳು. ಆ ಕ್ಷಣದಲ್ಲಿ ನನ್ನ ಜೀವ ಅವಳ ಕೈಯಲ್ಲಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಬಂದು ಚೊಂಬು ನೀರು, ಬಾಳೆಲೆಯ ತುಂಡಿನ ಮೇಲೆ ಬೆಲ್ಲ, ಎರಡನ್ನೂ ನನ್ನಿಂದ ಒಂದು ಮಾರು ದೂರಕ್ಕೆ ಇಟ್ಟಳು.

"ಬೇಕಾರೆ ತಿನ್ನಿ, ಬ್ಯಾಡ್ದಿರೆ ಬಿಡಿ. ಜಗ್ಲಿ ಹತ್ತಿದವ್ರಿಗೆ ಕೊಡ್ದೇ ನಂಗ್ ಇಪ್ಪುಕಾತಿಲ್ಲೆ."

ನಾನು ತೆವಳಿ ಹೋಗಿ ಬೆಲ್ಲವನ್ನು ಹಾಗೇ ಬಾಯಿಗೆ ತುರುಕಿಕೊಂಡೆ. ಬೆಲ್ಲ, ನೀರು, ಕಣ್ಣೀರು ಎಲ್ಲ ಒಟ್ಟಿಗೆ ಇಳಿಯಿತು. ಖಾಲಿ ಎಲೆಯನ್ನು ಅವಳ ಕಡೆ ಚಾಚಿದೆ. ಗುಲಾಬಿ ಓಡಿಹೋಗಿ ಬೆಲ್ಲದ ಮಡಕೆಯನ್ನೇ ತಂದಳು. ಸ್ವಲ್ಪ ಹೊತ್ತಿನಲ್ಲಿ ಕಂಬ ಕಂಬವಾಯಿತು, ಹೊಳೆ ಹೊಳೆಯಾಯಿತು. ಅವಳು ತನ್ನ ಸೆರಗಿನಿಂದ ನನ್ನ ಮುಖದ ಬೆವರು ಒರೆಸುತ್ತಿದ್ದಳು.

ಮಾವನ ಅಪ್ಪಣೆ ಅಲ್ಲಿಗೆ ಮುರಿಯಿತು. ಅವಳಿಗೆ ಎಲ್ಲವನ್ನೂ ಹೇಳಿದೆ. ಕೇಳಿ ಗುಲಾಬಿ ಹಣೆ ಬಡಿದುಕೊಂಡಳು. "ಇಷ್ಟೇಯಾ? ಒಂದ್ ಮಾತ್ ಹೇಳುಕಾಯ್ತಿರ್ಲಿಲ್ಯಾ ನಿಮ್ಗೆ? ನಾನ್ ಎಂತೆಂತದೋ ಎಣ್ಸಿ ರಾತ್ರಿ ನಿದ್ರಿ ಬಿಟ್ಟಿದ್ನಲೆ!" ಎಂದು ಬೈದಳು. ಅಂಥ ಸಿಹಿಯಾದ ಬೈಗುಳ ನಾನು ಮತ್ತೆ ಕೇಳಿಲ್ಲ.

ಅವಳೇ ಕೈ ಹಿಡಿದು ಮನೆಯ ತನಕ ಬಿಟ್ಟು ಹೋದಳು. ಅಂಗಳದಲ್ಲಿದ್ದ ಮಾವ ಎಲ್ಲ ಕೇಳಿ, "ಸಾಕ್. ನಾಳಿಂದ ಶಾಲಿ ಬ್ಯಾಡ" ಎಂದು ಎದ್ದು ಹೋದರು. ನಾನು ಅಡುಗೆಮನೆಗೆ ಹೋಗಿ ಹಾಗಲಕಾಯಿಯ ಗಂಟನ್ನು ಅಬ್ಬಿಯ ಎದುರು ಬಿಚ್ಚಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಲೆಯ ಮುಂದೆ ಹಾಗೇ ಕೂತಳು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವಳು ಅಳುತ್ತಿದ್ದಾಳೆ ಎಂಬುದೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಸಿಗೆಯಲ್ಲೇ ಇದ್ದೆ. ಅಬ್ಬಿ ಒಳ್ಳೆಯ ಸೀರೆ ಉಟ್ಟು, ಮಾವನ ಉದ್ದದ ಕೊಡೆ ಹಿಡಿದು ಬಂದು ನಿಂತಳು. "ಏಳ್. ಶಾಲಿಗೆ ಹೊತ್ತಾಯ್ತ್. ನಾನೂ ಬತ್ತೆ." ಜಗುಲಿಯಲ್ಲಿ ಮಾವ ಅಡ್ಡ ಬಂದರು. ಅಣ್ಣನ ಎದುರು ಅಬ್ಬಿ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅವ್ಳ್ ಬಿದ್ದದ್ದ್ ನಡ್ದದ್ದಕ್ಕಲ್ಲ ಅಣ್ಣಯ್ಯ. ನಾನ್ ಬೆಲ್ಲ ತೆಗ್ದದ್ದಕ್ಕೆ. ತಪ್ಪ್ ನಂದ್. ಶಾಲಿ ಬಿಡೂದ್ ಅವ್ಳಾ?"

ಮಾವ ಬದಿಗೆ ಸರಿದರು.

ಆ ದಿನ ಅಬ್ಬಿ ನನ್ನ ಶಾಲೆಯಲ್ಲಿ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ಕೂತು ಮೂರನೇ ತರಗತಿಯ ಪಾಠ ಪೂರಾ ಕೇಳಿದಳು. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಎದ್ದು ನಿಂತು, ಮಗ್ಗಿ ಅರ್ಧಕ್ಕೆ ನಿಲ್ಲಿಸಿ, ಬುತ್ತಿ ಬಿಚ್ಚಿಸಿದಳು. ಮಕ್ಕಳಿಗೆ ಹಬ್ಬವೋ ಹಬ್ಬ. ಸಂಜೆ ಇಬ್ಬರೂ ಸಂಕ ದಾಟಿದೆವು. ನಾನು ದಿನಾ ದಾಟುವ ಸಂಕವನ್ನು ಅಬ್ಬಿ ಬಿದಿರು ತಬ್ಬಿಕೊಂಡು, ದೇವರ ಹೆಸರು ಹೇಳುತ್ತಾ ದಾಟಿದಳು.

ಗುಲಾಬಿಯ ಜಗುಲಿ ಹತ್ತಿದೆವು. ಅವಳು ಚಾಪೆ ಹಾಸಿದಳು, ಬೆಲ್ಲ ನೀರು ತಂದಳು. ಅಬ್ಬಿ ಬೆಲ್ಲದ ಕಡೆ ಕೈ ಚಾಚಿ ಅರ್ಧದಲ್ಲೇ ನಿಲ್ಲಿಸಿದಳು. ಗುಲಾಬಿಯ ಮುಖ ಸಣ್ಣದಾಯಿತು. ಅಯ್ಯೋ ಮತ್ತೆ ಅದೇ ಕಥೆಯೇ, ಎಂದುಕೊಂಡೆ.

"ನಿನ್ನ್ ಮನಿ ಬೆಲ್ಲ ಅಂದ್ಹೇಳಿ ಅಲ್ಲ ಗುಲಾಬಿ" ಎಂದಳು ಅಬ್ಬಿ. "ಇವ್ಳ್ ಸಿಹಿ ತಿಂಬು ತನ್ಕ ನಾನೂ ತಿಂತಿಲ್ಲೆ ಅಂದ್ ಹರ್ಕಿ ಹೇಳ್ಕಂಡಿದ್ದೆ. ಕುಂದಾಪ್ರದಿಂದ ಬಂದ ದಿನವೇ."

ನನಗೆ ಗೊತ್ತೇ ಇರಲಿಲ್ಲ. ಪಾಯಸ, ಕಡುಬು, ಎಲ್ಲ ಹಬ್ಬಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ನನ್ನ ಎಲೆ ದಾಟಿ ಹೋದ ಕೈ ತನ್ನ ಎಲೆಯನ್ನೂ ದಾಟಿತ್ತು.

ಗುಲಾಬಿ ಮಾತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಿನ್ನೆ ಇವ್ರ್ ತಿಂದ್ರಲೆ ಅಮ್ಮ! ಇದೇ ಜಗ್ಲಿ ಮೇಲೆ, ನನ್ನ್ ಕಣ್ಣೆದ್ರಿಗೆ, ಅರ್ಧ ಮಡ್ಕಿ ಬೆಲ್ಲ! ನಿಮ್ಮ್ ಹರ್ಕಿ ನಿನ್ನೆಯೇ ಮುಗೀತ್. ತಿನ್ನಿ."

ಅಬ್ಬಿ ನಕ್ಕಳು. ಇರುವೆ ಕಂಡ ದಿನದಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತಲೇ ಕಣ್ಣು ತುಂಬಿ ಬಂತು. ಬೆಲ್ಲವನ್ನು ಎರಡು ತುಂಡು ಮಾಡಿ, ನಡೆದು ದಣಿದ ನನ್ನ ಬಾಯಿಗೆ ಚಿಕ್ಕ ತುಂಡು ಹಾಕಿ, ದೊಡ್ಡದನ್ನು ತಾನು ತಿಂದಳು. ಚೊಂಬು ಎತ್ತಿ ಗಟಗಟ ನೀರು ಕುಡಿದಳು.

ಮರುದಿನದಿಂದ ಬೆಲ್ಲದ ಗಂಟು ಕಟ್ಟುವವಳು ಅಬ್ಬಿಯೇ. ಬೆಲ್ಲ ತೆಗೆಯಲು ನನ್ನ ಚೀಲ ಜಾಲಾಡುತ್ತಿದ್ದವಳು ಆ ಅಭ್ಯಾಸವನ್ನು ಬಿಡಲಿಲ್ಲ, ಈಗ ಬೆಲ್ಲ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ. ಬ್ರಹ್ಮಾವರದವರಿಗೆ ವಿಷಯ ತಿಳಿಯಿತು, ಅವರು ಮತ್ತೆ ಬರಲಿಲ್ಲ. ತಿಳಿದೇ ಒಪ್ಪಿದವರೊಬ್ಬರು ಮುಂದೆ ಬಂದರು, ಆ ಕಥೆ ಬೇರೆ. ಸಂಕದ ಜಾಗದಲ್ಲಿ ಸಿಮೆಂಟಿನ ಸೇತುವೆ ಬರುವ ತನಕವೂ ನಾನು ಆ ದಾರಿಯಲ್ಲಿ ನಡೆದೆ, ಬಂದ ಮೇಲೂ ನಡೆದೆ. ಸಂಜೆ ಗುಲಾಬಿ ನನ್ನ ಮುಖ ನೋಡಿ, ಕೈ ಮುಟ್ಟಿ, "ಇವತ್ತ್ ಬೆಲ್ಲವಾ, ಬರೀ ನೀರಾ?" ಎಂದು ಕೇಳುತ್ತಿದ್ದಳು. ಅಬ್ಬಿಯೂ ಇಲ್ಲ, ಗುಲಾಬಿಯೂ ಇಲ್ಲ ಈಗ. ಗಾಳಿಮರದ ಸದ್ದು ಕೇಳಿದರೆ ಇಬ್ಬರೂ ಆ ಜಗುಲಿಯಲ್ಲಿ ಕೂತು ನನ್ನ ದಾರಿ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಇಷ್ಟು ಹೇಳಿ ಮುಗಿಸುವಾಗ ನೆರೆಮನೆಯ ಹುಡುಗಿ ಅಳು ನಿಲ್ಲಿಸಿದ್ದಳು. ನಾನು ಎದ್ದು ಹೋಗಿ ಡಬ್ಬಿಯಿಂದ ಎರಡು ತುಂಡು ಬೆಲ್ಲ ತಂದು ಅವಳ ಕೈಯಲ್ಲಿಟ್ಟೆ. "ಒಂದು ನಿನ್ನ ಆಟದ ಚೀಲಕ್ಕೆ" ಎಂದೆ.

"ಇನ್ನೊಂದು?"

"ಮನೆಗೆ ಹೋಗಿ ನಿನ್ನ ಅಮ್ಮನ ಬಾಯಿಗೆ ಹಾಕು. ಈ ವಾರ ಅವಳು ಸಿಹಿ ಮುಟ್ಟಿದ್ದಾಳೋ ಇಲ್ಲವೋ, ಕೇಳಿ ನೋಡು."